ತೆಂಗಿನಕಾಯಿಯ ನರಕೋಶ

ಒಂದೇ ಮಾವನ ಇಬ್ಬರು ಅಳಿಯಂದಿರು ಒಂದೇ ಊರಿನಲ್ಲಿ ಇರಬಾರದು. ಇದು ನನ್ನ ಮೊದಲ ಸಲಹೆ. ಇರಲೇಬೇಕಾಗಿ ಬಂದರೆ ಮಕ್ಕಳನ್ನು ಷಡ್ಡಕನ ಮನೆಗೆ ಪಾಠಕ್ಕೆ ಕಳಿಸಬಾರದು. ಇದು ಎರಡನೆಯದು. ಎರಡನ್ನೂ ನಾನು ಪಾಲಿಸಲಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನನ್ನ ಹೆಂಡತಿಯ ತಂಗಿಯ ಗಂಡ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಕಲಿಸುತ್ತಾನೆ. ಮನೆ ದೊಡ್ಡವರ ಬಡಾವಣೆ ವಸಂತ್ ಕುಂಜ್‌ನಲ್ಲಿ. ನನ್ನದು ಕರೋಲ್ ಬಾಗಿನಲ್ಲಿ ಹೋಟೆಲು. ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲಾಪೆಟ್ಟಿಗೆಯವರೆಗೆ ಬಂದವನು ನಾನು. ಕಲಿತದ್ದೆಲ್ಲ ಚೌಕಾಸಿ ಮಾಡಿಯೇ ಕಲಿತದ್ದು. ಮಗಳು ಹನ್ನೊಂದನೇ ಕ್ಲಾಸಿಗೆ ಬಂದಾಗ ಪ್ರತಿ ಭಾನುವಾರ ಅವನ ಮನೆಗೆ ಹೋಗತೊಡಗಿದಳು. ಸಂಜೆ ಬಂದರೆ ಬಾಯಿ ತುಂಬ ಚಿಕ್ಕಪ್ಪ.

"ಪಪ್ಪಾ, ಬಿಸಿ ತಾಗಿದ್ರೆ ಕೈ ಯಾಕೆ ಝಟ್ ಅಂತ ಹಿಂದೆ ಬರುತ್ತೆ ಗೊತ್ತಾ? ಮೆದುಳಿಗೆ ಸುದ್ದಿ ಮುಟ್ಟೋ ಮೊದಲೇ ಬೆನ್ನುಹುರಿ ಆರ್ಡರ್ ಕೊಟ್ಬಿಡುತ್ತೆ. ಚಿಕ್ಕಪ್ಪ ಹೇಳಿದ್ರು."

ಕಾವಲಿಯ ಮುಂದೆ ಯೌವನ ಕಳೆದವನು ನಾನು. ಮೊಣಕೈಯವರೆಗೆ ಸುಟ್ಟ ಕಲೆಗಳಿವೆ. ಷಡ್ಡಕನ ಕೈ ನೋಡಬೇಕು, ಹತ್ತಿಯ ಹಾಗಿದೆ. ಬಿಸಿಯ ವಿಷಯ ನನ್ನ ಮಗಳು ಅವನಿಂದ ಕಲಿತು ಬಂದು ನನಗೆ ಹೇಳುತ್ತಿದ್ದಾಳೆ! "ಅಚ್ಛಾ" ಅಂದೆ. ಹೊಟ್ಟೆಯೊಳಗೆ ಬೆಂಕಿ ಬಿತ್ತು. ಆವತ್ತಿನಿಂದ ನನಗೆ ಒಂದೇ ಆಸೆ: ಈ ಹುಡುಗಿ ಒಂದು ಪ್ರಶ್ನೆಯನ್ನಾದರೂ ಹಿಡಿದುಕೊಂಡು ನನ್ನ ಹತ್ತಿರ ಬರಬೇಕು. ಒಂದೇ ಒಂದು.

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಹೇಗೆ ದಾಟಿಸುತ್ತದೆ ಎಂದು ಇವಳು ಮಾದರಿ ಮಾಡಿ ತೋರಿಸಬೇಕಿತ್ತು. ಚಿಕ್ಕಪ್ಪ ಚಿತ್ರ ಬರೆದು ಕೊಟ್ಟಿದ್ದ. ನಡುವೆ ಕೋಶದ ದೇಹ. ಅದರ ಸುತ್ತ ಸುದ್ದಿ ಹಿಡಿಯುವ ಕವಲುಗಳು. ಅಲ್ಲಿಂದ ಹೊರಟ ಒಂದು ಉದ್ದನೆಯ ಎಳೆ. ಎಳೆಯ ಮೇಲೆ ತುಂಡುತುಂಡಾಗಿ ಕೊಬ್ಬಿನ ಹೊದಿಕೆ. ನೋಡಿದ ಕೂಡಲೇ ನನಗೆ ಹೊಳೆಯಿತು.

"ಥರ್ಮಾಕೋಲ್ ಗಿರ್ಮಾಕೋಲ್ ಬೇಡ. ಸಾಮಾನು ನನ್ನದು" ಎಂದೆ.

ಜುಟ್ಟು ಬಿಟ್ಟ ಎರಡು ತೆಂಗಿನಕಾಯಿ ತಂದೆ. ನಾರು ಬಿಡಿಸಿದರೆ ಅದೇ ಕವಲು. ಊರಿನಿಂದ ತರಿಸಿದ ತೆಂಗಿನ ಹುರಿಹಗ್ಗವೇ ಉದ್ದನೆಯ ಎಳೆ. ಹೊದಿಕೆಗೆ ಎದುರುಗಡೆಯ ಎಸಿ ರಿಪೇರಿಯವನ ಹತ್ತಿರ, "ಭಯ್ಯಾ, ಆ ಪೈಪಿಗೆ ಸುತ್ತುವ ಕಪ್ಪು ಫೋಮು ನಿನಗೆ ಕಸ, ನನಗೆ ಕೆಲಸ" ಎಂದು ಕಾಫಿ ಕುಡಿಸಿ ತಂದೆ. ಪುಕ್ಕಟೆ ಕೇಳಬೇಡಿ, ಕಾಫಿ ಕುಡಿಸಿ ಕೇಳಿ. ಎದುರಿನವನಿಗೂ ಮರ್ಯಾದೆ ಉಳಿಯುತ್ತದೆ.

"ಪಪ್ಪಾ, ಯೇ ತೋ ಮಸ್ತ್ ಹೈ!" ಎಂದಳು ಮಗಳು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆದ ನೆನಪಿಲ್ಲ.

ಪ್ರದರ್ಶನದ ಹಿಂದಿನ ದಿನ ಅವಳು ಶಾಲೆಗೆ ಹೋದ ಮೇಲೆ ಮಾದರಿಯನ್ನು ನೋಡಿದೆ. ಮೊದಲ ಕಾಯಿಯಿಂದ ಹೊರಟ ಹಗ್ಗ ಎರಡನೆಯ ಕಾಯಿಯ ನಾರಿನ ತೀರ ಹತ್ತಿರ ಬಂದು, ಮುಟ್ಟದೆ ನಿಂತಿತ್ತು. ಪಾಪ, ಮರೆತಿದ್ದಾಳೆ ಎಂದುಕೊಂಡೆ. ಚಿತ್ರ ಕೊಟ್ಟವನು ಇದನ್ನೂ ಹೇಳಿಲ್ಲವಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ವ್ಯವಹಾರದಲ್ಲಿ ನಾನು ಯಾವ ತುದಿಯನ್ನೂ ಸಡಿಲ ಬಿಟ್ಟವನಲ್ಲ. ಹಗ್ಗದ ತುದಿಯನ್ನೂ ನಾರನ್ನೂ ಸೇರಿಸಿ ಹೊಸೆದು, ಗೋಂದು ಹಾಕಿ, ಎಳೆದು ನೋಡಿದೆ. ಆನೆ ಕಟ್ಟಿದರೂ ಬಿಚ್ಚದು.

ಮಧ್ಯಾಹ್ನ ಮಗಳು ನೋಡಿ ಕಿರುಚಿದಳು. "ಪಪ್ಪಾ, ಯೇ ಕ್ಯಾ ಕಿಯಾ! ಅವು ಮುಟ್ಟೋದೇ ಇಲ್ಲ! ನಡುವೆ ಸಂದಿ ಇದೆ, ಆ ಸಂದೀನೇ ನನ್ನ ಟಾಪಿಕ್!"

"ಮುಟ್ಟದಿದ್ರೆ ಸುದ್ದಿ ಹೋಗೋದು ಹೇಗೆ ಮಾರಾಯ್ತಿ?"

"ಚಿಕ್ಕಪ್ಪನ ಮನೇಲೇ ಮಾಡಬೇಕಿತ್ತು ನಾನು."

ಕಾವಲಿ ಸುಟ್ಟರೆ ಕೈ ಹಿಂದಕ್ಕೆ ಬರುತ್ತದೆ. ಈ ಮಾತು ಸುಟ್ಟರೆ ಎಲ್ಲಿಗೆ ಹಿಂದಕ್ಕೆ ಹೋಗುವುದು? ಚಾಕು ತಂದು ಗಂಟನ್ನು ನಾನೇ ಕತ್ತರಿಸಿದೆ. ಹಗ್ಗ ಗಿಡ್ಡವಾಗಿ ಸಂದಿ ಒಂದು ಗೇಣಾಯಿತು. ಅವಳು ಕಾಯಿಗಳನ್ನು ಹೊತ್ತುಕೊಂಡು ನನ್ನ ಹಿಂದೆಯೇ ಹೋಟೆಲಿಗೆ ಬಂದು, ಅಡುಗೆಮನೆಯ ಕಿಂಡಿಯ ಪಕ್ಕದ ಮೇಜಿನಲ್ಲಿ ಮುಖ ಊದಿಸಿಕೊಂಡು ಕುಳಿತಳು.

ನಮ್ಮಲ್ಲಿ ಬಡಿಸುವವರು ಅಡುಗೆಮನೆಗೆ ಕಾಲಿಡುವಂತಿಲ್ಲ. ಇಟ್ಟರೆ ನನ್ನ ಗಿರಾಕಿಗೆ ಮೊದಲು, ನಿನ್ನ ಗಿರಾಕಿಗೆ ಆಮೇಲೆ ಎಂದು ಜಗಳ. ಗ್ರೈಂಡರಿನ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಅವರು ಕಿಂಡಿಯಲ್ಲಿ ಬಣ್ಣದ ಬಿಲ್ಲೆ ಹಾಕುವುದು: ಕೆಂಪು ಬಿದ್ದರೆ ಮಸಾಲೆ ದೋಸೆ, ಬಿಳಿ ಬಿದ್ದರೆ ಸಾದಾ. ಮಗಳು ಹುಟ್ಟಿದಾಗಿನಿಂದ ನೋಡಿದ್ದೇ. ಆವತ್ತು ಮಾತ್ರ ಕಣ್ಣು ಕಿಂಡಿಗೇ ಅಂಟಿಕೊಂಡಿತು.

"ಪಪ್ಪಾ," ಎಂದಳು, ಸ್ವಲ್ಪ ಹೊತ್ತಿನ ಮೇಲೆ. "ಬಿದ್ದ ಬಿಲ್ಲೆ ಆಮೇಲೆ ಏನಾಗುತ್ತೆ?"

ಪ್ರಶ್ನೆ! ನನ್ನ ಹತ್ತಿರ! ಚಿಲ್ಲರೆ ಎಣಿಸುತ್ತಿದ್ದವನು ಅಲ್ಲೇ ಬಿಟ್ಟು ಬಂದೆ.

"ದೋಸೆ ಹುಯ್ದ ಕೂಡಲೇ ವಾಪಸು ಬಡಿಸುವವರ ತಟ್ಟೆಗೇ ಹಾಕಬೇಕು. ಅಲ್ಲೇ ಬಿದ್ದಿದ್ದರೆ ಒಳಗೆ ಅಡುಗೆ ಭಟ್ಟರು ಅದೇ ದೋಸೆ ಮತ್ತೆ ಮತ್ತೆ ಹುಯ್ತಾ ಇರ್ತಾರೆ."

"ಒಳಗಿಂದ ಹೊರಗೆ ಆರ್ಡರ್ ಬರೋದಿಲ್ವಾ?"

"ಅದು ಹೇಗೆ ಬರುತ್ತೆ? ಭಟ್ಟರು ಗಿರಾಕಿಗೆ ಆರ್ಡರ್ ಕೊಡ್ತಾರಾ?"

ಅವಳು ಎದ್ದು ಕುಣಿದಳು. "ಇದೇ ಪಪ್ಪಾ! ಎಳೆಯ ತುದಿಯಿಂದ ರಾಸಾಯನಿಕ ಬೀಳುತ್ತೆ, ಆ ಕಡೆಯದು ಹಿಡ್ಕೊಳ್ಳುತ್ತೆ, ಕೆಲಸ ಆದ್ಮೇಲೆ ಎಷ್ಟೋ ಸಲ ಈ ತುದೀನೇ ವಾಪಸು ಎಳ್ಕೊಳ್ಳುತ್ತೆ. ಒಂದೇ ದಿಕ್ಕು. ಬಿಲ್ಲೆ ಕೊಡಿ, ಚಲೋ!"

ಪ್ರದರ್ಶನಕ್ಕೆ ಷಡ್ಡಕನೂ ಬಂದಿದ್ದ, ಇಸ್ತ್ರಿ ಹಾಕಿದ ಶರ್ಟಿನಲ್ಲಿ. ಮಗಳು ಒಂದು ಗೇಣು ಸಂದಿಯಲ್ಲಿ ಬಿಲ್ಲೆ ಸರಿಸಿ, "ಮೇರೇ ಪಾಪಾ ಕೆ ಹೋಟೆಲ್ ಮೇ ಐಸಾ ಹೀ ಹೋತಾ ಹೈ" ಎಂದು, ಅಪ್ಪನ ಹೋಟೆಲಿನಲ್ಲಿ ಹೀಗೇ ನಡೆಯುವುದೆಂದು, ಟೀಚರಿಗೆ ವಿವರಿಸಿದಳು. ನಾನು ಟೀಚರನ್ನು ನೋಡಲಿಲ್ಲ, ಷಡ್ಡಕನ ಮುಖ ನೋಡುತ್ತಿದ್ದೆ. ಅಲ್ಲಿ ಕಿಚ್ಚು ಕಂಡಿದ್ದರೆ ನನಗೆ ತಂಪಾಗುತ್ತಿತ್ತು. ಅವನು ಚಪ್ಪಾಳೆ ತಟ್ಟಿಬಿಟ್ಟ, ಮನಸಾರೆ.

"ಭಾವ, ಅದ್ಭುತ! ನನ್ನ ಕ್ಲಾಸಿಗೂ ಈ ಬಿಲ್ಲೆ ಬೇಕು. ಭಾನುವಾರ ಇವಳ ಕೈಲಿ ಕಳಿಸ್ತೀರಾ?"

ನೋಡಿ, ಇಷ್ಟು ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ! ಆದರೂ ನಾನು ಬಿಡಲಿಲ್ಲ.

ಭಾನುವಾರ ಮಗಳ ಕೈಯಲ್ಲಿ ಬಿಳಿ ಬಿಲ್ಲೆಗಳನ್ನಷ್ಟೇ ಕಳಿಸಿದೆ.

"ಕೆಂಪು ಎಲ್ಲಿ ಪಪ್ಪಾ?"

"ಹೋಟೆಲಲ್ಲಿದೆ. ಬೇಕಾದರೆ ನನ್ನ ಹತ್ತಿರ ಬಂದು ಕೇಳು."