ಸದ್ದಿಲ್ಲದ ತೋಟಾ

ತುಮಕೂರಿನ ಬಂದೂಕಿನ ಅಂಗಡಿಯೊಂದರಲ್ಲಿ ಪುಟ್ಟರಂಗಯ್ಯ ಕೌಂಟರ್ ನೋಡಿಕೊಳ್ಳುತ್ತಿದ್ದರು. ಬೆಳೆ ಕಾಯುವ ರೈತರು, ಬ್ಯಾಂಕಿನ ಗಾರ್ಡುಗಳು, ಲೈಸೆನ್ಸ್ ಇದ್ದವರೆಲ್ಲ ಅವರಿಗೆ ಪರಿಚಯ. ತಾವು ಮಾತ್ರ ಒಂದು ಹಕ್ಕಿಗೂ ಗುರಿ ಇಟ್ಟವರಲ್ಲ.

ಒಂದು ಮಧ್ಯಾಹ್ನ ಕುಣಿಗಲ್‌ನಿಂದ ಬೀಗರು ಭೀಮರಾಜ್ ಬಂದರು. ಮಗಳು ಮೋನಿಕಾಳನ್ನು ಕೊಟ್ಟಿದ್ದು ಅವರ ಮನೆಗೇ. ಅವಳೀಗ ಏಳು ತಿಂಗಳ ಬಸುರಿ.

"ಬೀಗ್ರೇ, ನನ್ ರೈಫಲ್‌ಗೆ ಸದ್ದು ಬರ್ದೇ ಇರೋ ತೋಟಾ ಆರ್ಸಿಕೊಡಿ. ಹಾಗಲವಾಡಿ ಕಡೆ ಜಿಂಕೆ ಓಡಾಡ್ತವಂತೆ. ಸೀಮಂತದ ಮಾರ್ನೇ ದಿನ ದೊಡ್ಡೋರೆಲ್ಲ ಊಟಕ್ಕೆ ಬರ್ತಾವ್ರೆ."

"ಜಿಂಕೆ ಹೊಡುದ್ರೆ ಜೈಲು ಬೀಗ್ರೇ. ಅದೂ ಅಲ್ದೆ ಸದ್ದು ಕಮ್ಮಿ ಇರೋ ತೋಟಾ ನಿಧಾನಕ್ಕೆ ಹೋಗುತ್ತೆ, ಪೆಟ್ಟೂ ಕಮ್ಮಿ. ಏಟು ತಿಂದ ಪ್ರಾಣಿ ಸಾಯಲ್ಲ, ಓಡೋಗಿ ಎಲ್ಲೋ ಒದ್ದಾಡುತ್ತೆ."

"ಸದ್ದೇ ಆಗ್ದಿದ್ರೆ ಜೈಲೆಲ್ಲಿಂದ ಬಂತು?" ಭೀಮರಾಜ್ ನಕ್ಕರು.

ಸ್ಟಾಕ್ ಇಲ್ಲವೆಂದು ಪುಟ್ಟರಂಗಯ್ಯ ಸಾಗಹಾಕಿದರು. ಮರುದಿನ ಮಗಳ ಫೋನ್ ಬಂತು. "ಅಪ್ಪಾ, ಮನೇಲಿ ಯಾರೂ ನನ್ ಜೊತೆ ಮಾತಾಡ್ತಿಲ್ಲ. ಅದೇನು ಕೇಳುದ್ರೋ ಕೊಟ್ಬುಡು." ಅವಳು ಅಳುತ್ತಿದ್ದಳು. ಪುಟ್ಟರಂಗಯ್ಯ ಒಂದು ಡಬ್ಬಿ ಆರಿಸಿ ಕೊಟ್ಟರು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಬೆಳಗಿನ ಜಾವ ಬೀಗರ ಜೀಪು ಶೆಟ್ಟಿಹಳ್ಳಿಯಲ್ಲಿದ್ದ ಪುಟ್ಟರಂಗಯ್ಯನವರ ಮನೆ ಮುಂದೆಯೇ ಬಂದು ನಿಂತಿತು. ಅಳಿಯ ಅಶ್ವಥ್ ಹಿಂದಿನ ಬಾಗಿಲು ತೆಗೆದು, "ಹತ್ತಿ ಮಾವ, ತೋಟಾ ಹೆಂಗ್ ಹೋಗುತ್ತೆ ಅಂತ ನೀವೇ ನೋಡ್ಬೇಕಂತೆ," ಎಂದ.

ಹಾಗಲವಾಡಿಯಾಚೆ ರಾಗಿ ಹೊಲದಂಚಿನಲ್ಲಿ ಭೀಮರಾಜ್ ಗುಂಡು ಹಾರಿಸಿದರು. ಒಣಕಡ್ಡಿ ಮುರಿದಷ್ಟೇ ಸದ್ದು. ಹೆಣ್ಣುಜಿಂಕೆ ಮುಗ್ಗರಿಸಿ, ಎದ್ದು, ಪೊದೆಯೊಳಗೆ ನುಗ್ಗಿತು. ಅಪ್ಪ ಮಗ ಅದನ್ನು ಬಿಟ್ಟು ಇನ್ನೊಂದನ್ನು ಹುಡುಕಿ ಹೋದರು. ಪುಟ್ಟರಂಗಯ್ಯ ರಕ್ತದ ಜಾಡು ಹಿಡಿದು ನಡೆದರು. ಹಳ್ಳದಲ್ಲಿ ಅದು ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ಹೊಟ್ಟೆ ಏರಿಳಿಯುತ್ತಿತ್ತು.

"ಅಶ್ವಥ್, ಒಂದ್ಸಲ ಬಂದು ಮುಗ್ಸಪ್ಪ. ನೋಡಕ್ಕಾಗ್ತಿಲ್ಲ." ಕರೆಯಲು ಬಂದು ದಡದ ಮೇಲೆ ನಿಂತ ಅಳಿಯನಿಗೆ ಕೂಗಿ ಹೇಳಿದರು.

"ಬುಡಿ ಮಾವ, ಬೆಳಕಾಯ್ತು. ಇನ್ನೊಂದು ಸಿಕ್ಕೈತೆ, ಬನ್ನಿ."

ಪುಟ್ಟರಂಗಯ್ಯ ಬಾಟಲಿಯ ನೀರನ್ನು ಜಿಂಕೆಯ ಬಾಯಿಗೆ ಬಿಟ್ಟರು. ಅದು ನುಂಗಲಿಲ್ಲ. ಜೀಪಿನ ಹಾರ್ನ್ ಕೂಗುತ್ತಲೇ ಇತ್ತು. ಎದ್ದು ಹೋದರು.

ಅರಣ್ಯ ಇಲಾಖೆಗೆ ಹೇಳಿಬಿಡಬೇಕೆಂದು ಎರಡು ಸಲ ಹೊರಟು ಅರ್ಧ ದಾರಿಯಿಂದ ಹಿಂದಿರುಗಿದರು. ಹೇಳಿದರೆ ಅಳಿಯನೂ ಒಳಗೆ, ತೋಟಾ ಕೊಟ್ಟ ತಾವೂ ಒಳಗೆ. ಹುಟ್ಟುವ ಮಗುವಿಗೆ ಯಾರು? ಕೊನೆಗೆ ಅಂಗಡಿಯ ಕೆಲಸವನ್ನೇ ಬಿಟ್ಟರು. ಇನ್ನು ತಮ್ಮನ್ನು ತೋಟಾ ಕೇಳುವವರಿಲ್ಲ ಎಂದುಕೊಂಡರು.

ಮೊಮ್ಮಗಳು ಹುಟ್ಟಿದ ಮೇಲೆ ಭೀಮರಾಜ್ ಫೋನ್ ಮಾಡಿದರು.

"ಕೆಲ್ಸ ಬುಟ್ರಂತೆ? ಬುಡಿ, ತೋಟಾ ಬೆಂಗಳೂರಿಂದ ತರ್ಸಿದೀನಿ. ಯಾವ್ದು ಸರಿ ಅಂತ ನೀವೇ ನೋಡಿ ಹೇಳ್ಬೇಕು. ನಾಮಕರಣ ಹತ್ರ ಬಂತು."

ಫೋನಿನ ಆಚೆ ಮಗು ಅಳುತ್ತಿತ್ತು, ಮೋನಿಕಾ ಸಮಾಧಾನ ಮಾಡುತ್ತಿದ್ದಳು. ಪುಟ್ಟರಂಗಯ್ಯ ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡರು.

"ಯಾವಾಗ್ ಬರ್ಲಿ?" ಎಂದರು.