ಅಳಿಸಬೇಕಾಗಿದ್ದ ಕ್ಯಾಸೆಟ್

ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ದೊಡ್ಡ ಸುಖವೆಂದರೆ, ಹಳೆಯ ಹಿಂದೂಸ್ತಾನಿ ಗಾಯಕರ ಧ್ವನಿಮುದ್ರಣಗಳನ್ನು ಕೇಳಿ ಪತ್ರಿಕೆಗೆ ಗುಣದೋಷ ಬರೆಯುವುದು. ಅದನ್ನು ಓದಿಯೇ ಭಾಲ್ಕಿಯ ಗಾಯಕ ಶಿವರಾಜಪ್ಪನವರು ಒಂದು ಬೆಳಿಗ್ಗೆ ಮನೆಗೆ ಕರೆದಿದ್ದರು. ಹಾಡಿದವರು ಯಾರೆಂದು ಹೇಳದೆ ಒಂದು ಕ್ಯಾಸೆಟ್ ಹಾಕಿದರು.

ಮುಗಿದದ್ದೇ ತಡ, ನಾನು ಶುರು ಮಾಡಿದೆ. ‘ಉಸಿರು ಸಾಲಲ್ಲರಿ. ಮ್ಯಾಲಿನ ಸ್ವರ ಜಾರ್ತಾವ. ಯಾರೋ ದಣದ ಮುದುಕ.’

ಶಿವರಾಜಪ್ಪ ಎರಡೂ ಕಿವಿ ಮುಟ್ಟಿಕೊಂಡರು. ಗಾಯಕರು ಹಾಗೆ ಮಾಡುವುದು ಗುರುವಿನ ಮಾತು ಬಂದಾಗ. ನಾಡೆಲ್ಲ ಹೆಸರಾಗಿದ್ದ ಅವರ ಉಸ್ತಾದರನ್ನೇ ನಾನು ಮುದುಕ ಅಂದಿದ್ದೆ.

‘ತಪ್ಪಾಯ್ತರಿ,’ ಅಂದೆ.

‘ತಪ್ಪ್ಯಾಕರಿ ಸರ್? ಅವರೂ ಇದೇ ಅಂದಿದ್ರು. ಇದು ಅವರ ಕೊನೀ ಹಾಡು. ಛಲೋ ಬಂದಿಲ್ಲ, ಅಳಸಿಬಿಡು ಅಂತ ಹೇಳಿ ಹೋಗ್ಯಾರ. ನನ್ನ ಕೈಲಿ ಆಗಲಿಲ್ಲ. ತಿಳದವರು ಒಬ್ಬರರೆ ಛಲೋ ಅದ ಅಂದ್ರ ಇಟ್ಕೋಬೇಕಂತ ನಿಮಗ ಕರದೆ.’

ಹೇಳುತ್ತಲೇ ಅವರ ಬೆರಳು ರೆಕಾರ್ಡಿಂಗ್ ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಹಾಡು ಅಳಿಸಿಹೋಗುತ್ತಿತ್ತು, ಅದೂ ನನ್ನ ನಾಲಿಗೆಯಿಂದ. ಸುಳ್ಳು ಹೊಗಳೋಣವೆಂದರೆ ಅವರ ಕಿವಿ ನನ್ನದಕ್ಕಿಂತ ಚುರುಕು.

‘ತಡೀರಿ ತಡೀರಿ. ಒಮ್ಮೆ ಕೇಳಿ ತೀರ್ಪು ಕೊಡೂದು ನ್ಯಾಯ ಅಲ್ರಿ. ಇನ್ನೊಮ್ಮೆ ಕೇಳಬೇಕು.’

‘ಈಗ ಹಚ್ಚಲೇನ್ರಿ?’

‘ಈಗ ಬ್ಯಾಡ್ರಿ, ಬಿಸಲು ಏರ್ಯದ. ಇದು ಮುಂಜಾನಿ ರಾಗ. ಮುಂದಿನ ಐತವಾರ ಬರ್ತೇನಿ.’

ಅವರು ನನ್ನ ಮುಖವನ್ನೇ ನೋಡಿದರು. ನಿಧಾನಕ್ಕೆ ಬೆರಳು ತೆಗೆದರು.

ಅಂದಿನಿಂದ ಭಾನುವಾರ ಬಂತೆಂದರೆ ನಸುಕಿನಲ್ಲೇ ಬೀದರ್‌ನಿಂದ ಭಾಲ್ಕಿಯ ಬಸ್ಸು ಹತ್ತುತ್ತೇನೆ. ಕೇಳುತ್ತೇವೆ, ಚಹಾ ಕುಡಿಯುತ್ತೇವೆ, ತೀರ್ಪು ಮುಂದೂಡುತ್ತೇವೆ. ಮೊನ್ನೆ ನಾನು ಗಂಟಲು ಸರಿಮಾಡಿಕೊಂಡದ್ದಕ್ಕೇ ಶಿವರಾಜಪ್ಪ ಗಾಬರಿಯಾದರು.

‘ಅವಸರ ಏನದರಿ ಸರ್? ಬರೋ ವಾರ ಹೇಳ್ರಿ.’