ಅಣ್ಣನ ಅಂಗುಳದ ಬೂಷ್ಟು

ಗೆಳೆಯರೇ, ಹೋದ ಯುಗಾದಿಯಲ್ಲಿ ಹೊಸಕೋಟೆ ಸಂತೆಯ ಹಲ್ಲು ಕಟ್ಟುವವನು ನಮ್ಮಣ್ಣನಿಗೆ ಹಲ್ಲಿನ ಸೆಟ್ಟು ಕೂರಿಸಿ, "ರಾತ್ರೀನೂ ತೆಗೀಬೇಡಿ ಸ್ವಾಮಿ, ಹಿಡಿತ ಹೋಗುತ್ತೆ" ಅಂದಿದ್ದ. ನಾನು ಪಕ್ಕದಲ್ಲೇ ಇದ್ದೆ, ಮರೆತಿಲ್ಲ. ಅಣ್ಣ ಅದನ್ನು ತೆಗೆಯಲೇ ಇಲ್ಲ. ಈಗ ವಾರದಿಂದ ಮುದ್ದೆ ನುಂಗಲಾರ. ಇವತ್ತು ಡಾಕ್ಟರು ಮನೆಗೆ ಬಂದು ಸೆಟ್ಟು ತೆಗೆಸಿದರೆ, ಅಂಗುಳದ ತುಂಬ ಬಿಳಿ ಬೂಷ್ಟು!

"ಬಾಯನ್ನ ತೊಳೆಯೋದೇ ಎಂಜಲು. ಸೆಟ್ಟಿನಡಿ ಅದು ಆಡದ ಕಡೆ ಬೂಷ್ಟು ಹೀಗೇ ಬೆಳೆಯುತ್ತೆ. ರಾತ್ರಿ ತೆಗೆದು ನೀರಲ್ಲಿಡಿ" ಎಂದು ಡಾಕ್ಟರು ಊದಾ ಔಷಧಿ ಹಚ್ಚಿದರು.

"ಎಂಜಲು ತೊಳೆಯುತ್ತಾ? ಚೆನ್ನಾಗಿದೆ ಡಾಕ್ಟ್ರೇ! ಆ ಹಲ್ಲಿಗೆ ನನ್ನ ಲೋಟ ಕೊಡಲ್ಲ" ಅಂದ ಅತ್ತಿಗೆ ಕೊನೆಗೊಂದು ತೆಂಗಿನ ಕರಟ ಕೊಟ್ಟರು.

ಹಲ್ಲು ಕಟ್ಟುವವನ ಬಾಯಲ್ಲಿರುವುದೂ ಕಟ್ಟಿಸಿದ ಹಲ್ಲೇ. ಬರುವ ಸಂತೆಯಲ್ಲಿ ಎಲ್ಲರೆದುರು ಹೇಳಲಿ: ರಾತ್ರಿ ತನ್ನದನ್ನು ತೆಗೆದಿಡುತ್ತಾನೋ, ಇಲ್ಲವೋ?